ನೆತ್ತ, ಪಣ ಮತ್ತು ಮಾಂಡೋವಿಯ ಹಡಗು: ದ್ಯೂತವಿಚಾರದ ಒಂದು ಅವಲೋಕನ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಪಣಜಿಗೆ ಅರ್ಧ ದಿನದೊಳಗಿನ ದಾರಿ. ಚೋರ್ಲಾ ಘಟ್ಟವನ್ನಾಗಲಿ, ಖಾನಾಪುರದ ಮೇಲಿನಿಂದ ಅನಮೋಡ ಘಟ್ಟವನ್ನಾಗಲಿ ಇಳಿದರೆ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳ ದೀಪಗಳು ಕಾಣುತ್ತವೆ. ಗೆಳೆಯರು ಕೂಡಿ ವಾರಾಂತ್ಯಕ್ಕೆ ಗೋವೆಗೆ ಹೋಗುವುದು ಈ ಭಾಗದಲ್ಲಿ ಇಂದು ವಿಶೇಷವೇನಲ್ಲ. ಹಾಗೆ ಹೋದವರಲ್ಲಿ ಕೆಲವರು ಆ ಹಡಗುಗಳನ್ನೂ ಏರುತ್ತಾರೆ. ಅಲ್ಲಿನ ಮೇಜುಗಳಲ್ಲಿ ಅಂದರ್-ಬಾಹರ್ ಇದೆ, ತೀನ್ ಪತ್ತಿ ಇದೆ, ರೂಲೆಟ್ ಚಕ್ರವಿದೆ, ಪೋಕರ್ ಇದೆ. ಇವುಗಳಲ್ಲಿ ಮೊದಲನೆಯದನ್ನು ಊರ ಹೊರಗಿನ ಹುಣಸೆಮರದ ಕೆಳಗೆ ಆಡಿದರೆ ಪೊಲೀಸರು ಪ್ರಕರಣ ದಾಖಲಿಸುತ್ತಾರೆ. ಹಡಗಿನ ಮೇಲೆ ಆಡಿದರೆ ರಸೀದಿ ಕೊಡುತ್ತಾರೆ. ಎಲೆಗಳು ಅವೇ, ಆಡುವವನೂ ಅವನೇ. ನಡುವೆ ಬಂದದ್ದು ಒಂದು ರಾಜ್ಯದ ಗಡಿ ಮಾತ್ರ.

ದ್ಯೂತವು ಯಾವಾಗ ವಿನೋದ, ಯಾವಾಗ ವ್ಯಸನ ಎಂಬ ಪ್ರಶ್ನೆಯನ್ನು ಕನ್ನಡನಾಡಿನ ಕವಿಗಳೂ ಶಾಸ್ತ್ರಕಾರರೂ ಸಾವಿರ ವರ್ಷಗಳ ಹಿಂದೆಯೇ ಎತ್ತಿಕೊಂಡಿದ್ದರು. ಅವರು ಕೇಳಿದ ಪ್ರಶ್ನೆಯೂ ಇಂದಿನ ನ್ಯಾಯಾಲಯಗಳು ಕೇಳುತ್ತ ಬಂದ ಪ್ರಶ್ನೆಯೂ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳುವುದು ಸಾಹಿತ್ಯದ ವಿದ್ಯಾರ್ಥಿಗೂ ಉಪಯುಕ್ತ, ಘಟ್ಟ ಇಳಿಯುವವನಿಗೂ ಉಪಯುಕ್ತ.

ಶಬ್ದಗಳಿಂದಲೇ ಆರಂಭಿಸಬಹುದು. ಹಳಗನ್ನಡದಲ್ಲಿ ಪಗಡೆಯಾಟಕ್ಕೆ ‘ನೆತ್ತ’ ಎಂಬ ಮಾತಿದೆ. ಸಂಸ್ಕೃತದ ದ್ಯೂತದಿಂದ ‘ಜೂದು’, ‘ಜೂಜು’ ಬಂದಿವೆ. ನೆತ್ತವೆಂದರೆ ಆಟ, ಜೂಜೆಂದರೆ ಆಟಕ್ಕೆ ಪಣ ಸೇರಿದ ಸ್ಥಿತಿ. ಈ ಎರಡು ಶಬ್ದಗಳ ಅರ್ಥವ್ಯಾಪ್ತಿ ಬಳಕೆಯಲ್ಲಿ ಒಂದರೊಳಗೊಂದು ಬೆರೆಯುತ್ತದೆ, ನಿಜ. ಆದರೂ ಭೇದವೊಂದು ಭಾಷೆಯ ಒಳಗೇ ಉಳಿದಿದೆ. ಬೆಳಗಾವಿ ಸೀಮೆಯ ಇಂದಿನ ಆಡುಮಾತಿನಲ್ಲಿಯೂ ‘ಆಡೋದು’ ಬೇರೆ, ‘ಪೈಜ ಕಟ್ಟೋದು’ ಬೇರೆ. ನಾಗರಪಂಚಮಿಯಲ್ಲಿ ನಿಂಬೆಹಣ್ಣನ್ನು ಇಷ್ಟು ಎಸೆತಗಳಲ್ಲಿ ಇಂಥ ಊರು ಮುಟ್ಟಿಸುತ್ತೇನೆಂದು ಪಂಥ ಕಟ್ಟುವ ಹುಡುಗರು, ದೀಪಾವಳಿಯ ಪಾಡ್ಯದಂದು ಶಾಸ್ತ್ರಕ್ಕೆಂದು ಎಲೆ ಹಿಡಿಯುವ ಮನೆಗಳು, ಇವೆಲ್ಲ ಆ ಗಡಿರೇಖೆಯ ಮೇಲೆಯೇ ನಿಂತಿವೆ. ಕಾರ್ತಿಕ ಶುದ್ಧ ಪಾಡ್ಯಕ್ಕೆ ‘ದ್ಯೂತಪ್ರತಿಪದೆ’ ಎಂಬ ಹೆಸರೇ ಇದೆ. ಅದರ ಹಿಂದಿನ ಅಮಾವಾಸ್ಯೆ ಜೈನರಿಗೆ ವರ್ಧಮಾನನ ನಿರ್ವಾಣದ ತಿಥಿ. ಎರಡು ಪರಂಪರೆಗಳು ಎಷ್ಟು ಹತ್ತಿರದಲ್ಲಿದ್ದು ಎಷ್ಟು ದೂರದ ಮನೋಭಾವಗಳನ್ನು ಕಾಪಾಡಿಕೊಂಡು ಬಂದಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪಂಪನ ‘ವಿಕ್ರಮಾರ್ಜುನವಿಜಯ’ದಲ್ಲಿ ಎರಡು ನೆತ್ತಗಳಿವೆ. ಒಂದು ಎಲ್ಲರಿಗೂ ತಿಳಿದ ಕೌರವಸಭೆಯ ನೆತ್ತ. ಧರ್ಮರಾಜನು ಭಂಡಾರ, ಆನೆ, ಕುದುರೆ, ನಾಡುಗಳನ್ನು ಒಂದಾದ ಮೇಲೊಂದರಂತೆ ಒಡ್ಡಿ ಸೋಲುತ್ತಾನೆ. ಕಾವ್ಯದ ಮುಂದಿನ ಯುದ್ಧವೆಲ್ಲ ಆ ಸೋಲಿನಿಂದಲೇ ಹೊರಡುತ್ತದೆ. ರಾಮದುರ್ಗದ ನೆರೆಯ ಮುಧೋಳದಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ವನ್ನು ಸಿಂಹಾವಲೋಕನಕ್ರಮದಲ್ಲಿ ನಡೆಸುವಾಗ, ಭೀಮನ ರೋಷ ಮತ್ತೆ ಮತ್ತೆ ಹಿಂದಿರುಗುವುದು ಅದೇ ಸಭೆಯ ಕಡೆಗೆ. ಇನ್ನೊಂದು ನೆತ್ತ ಭಾನುಮತಿಯದು. ಪಾಂಡವಪಕ್ಷಕ್ಕೆ ಬರಬೇಕೆಂಬ ಕರೆಗೆ ಕರ್ಣನು ಕೊಡುವ ಉತ್ತರದಲ್ಲಿ ಅದು ಒಂದೇ ಒಂದು ಪದ್ಯದಲ್ಲಿ ಬಂದುಹೋಗುತ್ತದೆ. ಭಾನುಮತಿ ನೆತ್ತದಲ್ಲಿ ಸೋತಿದ್ದಾಳೆ, ಸೋತದ್ದನ್ನು ಕೊಡೆಂದು ಕಾಡುವಾಗ ಅವಳ ಮುತ್ತಿನ ಹಾರ ಹರಿಯುತ್ತದೆ, ಮುತ್ತುಗಳು ಚೆಲ್ಲುತ್ತವೆ, ದುರ್ಯೋಧನ ಮನಸ್ಸಿನಲ್ಲಿ ಯಾವ ಕಹಿಯೂ ಇಲ್ಲದೆ ಅವನ್ನು ಆಯುವ ಮಾತಾಡುತ್ತಾನೆ. ಅಂಥವನನ್ನು ಹೇಗೆ ಬಿಟ್ಟುಬರಲಿ ಎಂಬುದು ಕರ್ಣನ ಪ್ರಶ್ನೆ.

ಭಾನುಮತಿಯೊಡನೆ ಆಡಿದವನು ಕರ್ಣನೋ ದುರ್ಯೋಧನನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಆ ಚರ್ಚೆಗೆ ಇಲ್ಲಿ ಇಳಿಯಬೇಕಿಲ್ಲ. ಚರ್ಚೆಯ ಗದ್ದಲದಲ್ಲಿ ಮರೆತುಹೋಗುವ ಅಂಶವೊಂದಿದೆ. ಪಂಪ ಒಂದೇ ಆಟವನ್ನು ಎರಡು ಕಡೆ ಇಟ್ಟಿದ್ದಾನೆ. ಎರಡೂ ಕಡೆ ಸೋತವರಿಂದ ಸೋತದ್ದನ್ನು ಕಿತ್ತುಕೊಳ್ಳುವ ಕ್ರಿಯೆಯಿದೆ. ಒಂದು ಕಡೆ ಮುಡಿಗೆ ಕೈ ಹೋಗುತ್ತದೆ, ಇನ್ನೊಂದು ಕಡೆ ಹಾರಕ್ಕೆ. ಒಂದರಿಂದ ಕುಲಕ್ಷಯ, ಇನ್ನೊಂದರಿಂದ ಸಾಯುವವರೆಗಿನ ಸ್ನೇಹ. ಎರಡನೆಯ ಸಂದರ್ಭದಲ್ಲಿ ಅನಾಹುತ ತಪ್ಪಿದ್ದು ಆಟದ ಗುಣದಿಂದಲ್ಲ; ಕೋಪಗೊಳ್ಳಬಹುದಾಗಿದ್ದವನು ಕೋಪಗೊಳ್ಳಲಿಲ್ಲ, ಅಷ್ಟೇ. ಹಾರ ಮಾತ್ರ ಅಲ್ಲಿಯೂ ಹರಿದೇಹೋಯಿತು.

ಜೈನ ಶ್ರಾವಕಾಚಾರ ಗ್ರಂಥಗಳು ದ್ಯೂತ, ಮಾಂಸ, ಮದ್ಯ, ವೇಶ್ಯೆ, ಬೇಟೆ, ಚೌರ್ಯ, ಪರಸ್ತ್ರೀ ಎಂಬ ಏಳು ವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲಿಗಿಡುತ್ತವೆ. ವಸುನಂದಿಯ ಶ್ರಾವಕಾಚಾರವು ಒಂದೊಂದು ವ್ಯಸನಕ್ಕೂ ಕೆಟ್ಟವರ ಹೆಸರು ಹೇಳುತ್ತದೆ: ಮದ್ಯಕ್ಕೆ ಯಾದವರು, ವೇಶ್ಯಾವ್ಯಸನಕ್ಕೆ ಚಾರುದತ್ತ, ಪರಸ್ತ್ರೀಗೆ ರಾವಣ. ದ್ಯೂತಕ್ಕೆ ಯುಧಿಷ್ಠಿರ. ಇದು ಗಮನಾರ್ಹ. ಜೈನ ಹರಿವಂಶದ ಪರಂಪರೆಯಲ್ಲಿ ಯುಧಿಷ್ಠಿರನು ಶತ್ರುಂಜಯದಲ್ಲಿ ತಪಸ್ಸಿದ್ಧಿ ಪಡೆದು ಮೋಕ್ಷಕ್ಕೆ ಸಂದವನು. ಮೊದಲ ವ್ಯಸನಕ್ಕೆ ಉದಾಹರಣೆಯಾಗಿ ಆಚಾರ್ಯರು ಒಬ್ಬ ಧೂರ್ತನನ್ನು ಆರಿಸಲಿಲ್ಲ, ಮೋಕ್ಷಗಾಮಿಯನ್ನು ಆರಿಸಿದರು. ವಿವೇಕಿಯನ್ನೂ ಹಿಡಿಯುವಂಥದು ಎಂಬ ಕಾರಣಕ್ಕೇ ಅದು ಮೊದಲನೆಯದು.

ಹತ್ತನೆಯ ಶತಮಾನದ ಸೋಮದೇವಸೂರಿ ‘ನೀತಿವಾಕ್ಯಾಮೃತ’ದ ವ್ಯಸನಪ್ರಕರಣದಲ್ಲಿ ಜೂಜುಕೋರನಿಗೆ ಮಾಡಬಾರದ್ದೆಂಬುದೇ ಇಲ್ಲವೆಂದು ಕಠಿಣವಾಗಿ ನುಡಿಯುತ್ತಾನೆ. ಸೋಮದೇವ ‘ಯಶಸ್ತಿಲಕ’ವನ್ನು 959ರಲ್ಲಿ ಮುಗಿಸಿದ್ದು ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ, ಪಂಪನ ಆಶ್ರಯದಾತನಾದ ಅರಿಕೇಸರಿಯ ಮನೆತನವೂ ಅದೇ. ಒಂದೇ ರಾಜಕುಲದ ನೆರಳಿನಲ್ಲಿ, ಇಪ್ಪತ್ತು ವರ್ಷಗಳ ಅಂತರದಲ್ಲಿ, ಒಬ್ಬ ಜೈನ ಕವಿ ಭಾನುಮತಿಯ ನೆತ್ತವನ್ನೂ ಒಬ್ಬ ಜೈನ ಆಚಾರ್ಯ ಈ ನೀತಿಯನ್ನೂ ಬರೆದರು.

ಆದರೆ ವಿಷಯವನ್ನು ಅತ್ಯಂತ ಸೂಕ್ಷ್ಮವಾಗಿ ಹಿಡಿದವನು ಹದಿಮೂರನೆಯ ಶತಮಾನದ ಪಂಡಿತ ಆಶಾಧರ. ‘ಸಾಗಾರಧರ್ಮಾಮೃತ’ದಲ್ಲಿ ಅವನು ಎತ್ತಿಕೊಳ್ಳುವುದು ವೃತ್ತಿಯ ಜೂಜುಕೋರನನ್ನಲ್ಲ; ಜೂಜನ್ನು ಬಿಟ್ಟ ಗೃಹಸ್ಥನನ್ನು. ಅಂಥವನು ಮನೋವಿನೋದಕ್ಕೆಂದು ಪಂಥ ಕಟ್ಟಬಹುದೇ? ಅದೂ ದೋಷವೇ ಎಂಬುದು ಅವನ ಉತ್ತರ. ಕಾರಣವಾಗಿ ಅವನು ಹಣದ ನಷ್ಟವನ್ನು ಹೇಳುವುದಿಲ್ಲ, ಮೋಸವನ್ನೂ ಹೇಳುವುದಿಲ್ಲ. ಪಂಥವು ಹರ್ಷವನ್ನೂ ಅಮರ್ಷವನ್ನೂ ಹುಟ್ಟಿಸುತ್ತದೆ, ಕಷಾಯವೇ ಪಾಪಕ್ಕೆ ನೇರ ದಾರಿ ಎನ್ನುತ್ತಾನೆ. ಗೆದ್ದಾಗಿನ ಉಬ್ಬು, ಸೋತಾಗಿನ ಕಿಚ್ಚು: ಇವು ಸಣ್ಣ ಪಣದಲ್ಲಿಯೂ ಹುಟ್ಟುತ್ತವೆ. ಪೋಕರ್ ಆಡುವವರ ಪರಿಭಾಷೆಯಲ್ಲಿ ‘ಟಿಲ್ಟ್’ ಎಂಬ ಶಬ್ದವಿದೆ. ಸೋಲಿನ ಕಿಚ್ಚಿನಲ್ಲಿ ಲೆಕ್ಕ ತಪ್ಪಿ, ಕಳೆದದ್ದನ್ನು ಈಗಲೇ ಮರಳಿ ಪಡೆಯಬೇಕೆಂದು ದೊಡ್ಡ ಪಣ ಒಡ್ಡುವ ಸ್ಥಿತಿಗೆ ಅವರಿಟ್ಟ ಹೆಸರು ಅದು. ಆಶಾಧರನ ಅಮರ್ಷಕ್ಕೆ ಇದಕ್ಕಿಂತ ಸರಿಯಾದ ಆಧುನಿಕ ಪರ್ಯಾಯ ಸಿಗಲಾರದು. ವ್ಯತ್ಯಾಸವೆಂದರೆ, ಆಶಾಧರ ಅದನ್ನು ಪಾಪದ ದ್ವಾರವೆಂದ, ಆಟಗಾರರು ತಂತ್ರದ ದೋಷವೆನ್ನುತ್ತಾರೆ.

ಹಾಗೆಂದು ಪ್ರಾಚೀನ ಕರ್ನಾಟಕವು ದ್ಯೂತವನ್ನು ಒಟ್ಟಾಗಿ ಬಹಿಷ್ಕರಿಸಿತ್ತೆಂದು ಭಾವಿಸಬಾರದು. ಸವದತ್ತಿಯ ರಟ್ಟರು ಕಲ್ಯಾಣ ಚಾಲುಕ್ಯರ ಸಾಮಂತರು. ಅವರ ಸಾರ್ವಭೌಮನಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಪಗಡೆ, ಕವಡೆಗಳನ್ನು ರಾಜನ ಕ್ರೀಡೆಗಳ ಸಾಲಿನಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಅವನ ತಂದೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದರೆ, ಯಾಜ್ಞವಲ್ಕ್ಯನು ಅದಕ್ಕೆ ವ್ಯವಸ್ಥೆ ಮಾಡುತ್ತಾನೆ. ಆ ವ್ಯವಸ್ಥೆಯ ಕೇಂದ್ರದಲ್ಲಿರುವವನು ‘ಸಭಿಕ’, ಅಂದರೆ ಜೂಜಿನ ಮನೆಯ ಒಡೆಯ. ನೂರು ಮತ್ತು ಅದಕ್ಕೂ ಮಿಕ್ಕ ಪಣ ಗೆದ್ದವನಿಂದ ಅವನು ನೂರಕ್ಕೆ ಐದರಂತೆ, ಉಳಿದವರಿಂದ ನೂರಕ್ಕೆ ಹತ್ತರಂತೆ ಪಡೆಯಬೇಕು. ರಾಜನಿಂದ ರಕ್ಷಣೆ ಪಡೆದು ರಾಜನಿಗೆ ಒಪ್ಪಿದ ಭಾಗ ಕೊಡಬೇಕು. ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಒಪ್ಪಿಸಬೇಕು. ಆಟವೆಲ್ಲ ಒಂದೇ ಕಡೆ ನಡೆದರೆ ಕಳ್ಳರನ್ನು ಗುರುತಿಸಲು ಅನುಕೂಲ ಎಂಬ ಪ್ರಯೋಜನವನ್ನೂ ಸ್ಮೃತಿಕಾರನು ಸೇರಿಸುತ್ತಾನೆ. ಕೌಟಿಲ್ಯನ ದ್ಯೂತಾಧ್ಯಕ್ಷನದೂ ನೂರಕ್ಕೆ ಐದೇ.

ಹಡಗಿನ ಪೋಕರ್ ಮೇಜನ್ನು ಅರ್ಥಮಾಡಿಕೊಳ್ಳಲು ಈ ಸಭಿಕನು ಬೇಕು. ಹೆಚ್ಚು ಪ್ರಚಲಿತವಾದ ಪ್ರಕಾರದಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಗುಟ್ಟಾಗಿ ಬರುತ್ತವೆ. ಮೇಜಿನ ನಡುವೆ ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳು ಹಂತಹಂತವಾಗಿ ತೆರೆಯುತ್ತವೆ. ಪ್ರತಿ ಹಂತದಲ್ಲಿಯೂ ಪಣ ಏರಿಸಬಹುದು, ಸಮ ಮಾಡಬಹುದು, ಎಲೆ ಕೆಡವಿ ಹಿಂದೆ ಸರಿಯಬಹುದು. ರೂಲೆಟ್‌ನಲ್ಲಿ ಆಟಗಾರನ ಎದುರಾಳಿ ಮನೆಯೇ. ಒಂದು ಸೊನ್ನೆಯ ಚಕ್ರದಲ್ಲಿ 37 ಮನೆಗಳಿದ್ದು, ಗೆದ್ದಾಗ 36ರ ಲೆಕ್ಕದಲ್ಲಿ ಹಣ ಬರುವುದರಿಂದ ಸರಾಸರಿ ನೂರಕ್ಕೆ 2.7 ಮನೆಗೆ ಉಳಿಯುತ್ತದೆ. ಪೋಕರ್‌ನಲ್ಲಿ ಹಾಗಿಲ್ಲ, ಎದುರಾಳಿ ಪಕ್ಕದಲ್ಲಿ ಕುಳಿತವನು. ಮನೆಯು ಕೂಡಿದ ಪಣದಿಂದ ‘ರೇಕ್’ ಎಂಬ ಪಾಲನ್ನು ತೆಗೆಯುತ್ತದೆ, ಅಥವಾ ಕುಳಿತ ಹೊತ್ತಿಗೆ ಬಾಡಿಗೆ ಪಡೆಯುತ್ತದೆ. ಒಂಬತ್ತು ಜನ ತಲಾ 10,000 ರೂಪಾಯಿ ತಂದು ಕುಳಿತರೆಂದೂ, ಮನೆಯು ಗಂಟೆಗೆ 1,500 ರೂಪಾಯಿಯಂತೆ ತೆಗೆಯಿತೆಂದೂ ಇಟ್ಟುಕೊಂಡರೆ, ಆರು ಗಂಟೆಯಲ್ಲಿ ಆ 90,000 ರೂಪಾಯಿ 81,000 ಆಗುತ್ತದೆ. ಯಾರು ಎಷ್ಟೇ ನಿಪುಣರಾದರೂ ಒಂಬತ್ತು ಜನರ ಒಟ್ಟು ಲೆಕ್ಕ ನಷ್ಟದ್ದೇ. ನಿಪುಣನ ಗೆಲವು ಬರುವುದು ಪಕ್ಕದವನ ಅನನುಭವದಿಂದ. ಪ್ರವಾಸಕ್ಕೆಂದು ಬಂದು ಒಂದು ರಾತ್ರಿ ಕುಳಿತವನು ಸಾಮಾನ್ಯವಾಗಿ ಆ ಪಕ್ಕದವನೇ ಆಗಿರುತ್ತಾನೆ.

ಇಲ್ಲಿ ಕೌಶಲದ ಪ್ರಶ್ನೆ ಬರುತ್ತದೆ. ನಮ್ಮ ಕಾವ್ಯಗಳು ದ್ಯೂತದಲ್ಲಿ ಕೌಶಲವಿಲ್ಲವೆಂದು ಎಂದೂ ಹೇಳಲಿಲ್ಲ. ಶಕುನಿ ಅಕ್ಷವಿದ್ಯೆಯಲ್ಲಿ ಪಾರಂಗತ. ನಳನು ಪುಷ್ಕರನಿಗೆ ಸೋತು ಕಾಡು ಸೇರಿ, ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು ರಾಜ್ಯವನ್ನು ಮರಳಿ ಗೆಲ್ಲುತ್ತಾನೆ. ಕನಕದಾಸರ ‘ನಳಚರಿತ್ರೆ’ಯಿಂದ ಈ ಕಥೆ ಕನ್ನಡದ ಮನೆಮಾತಾಯಿತು. ಅಂದರೆ ದಾಳಗಳಿಗೆ ಒಂದು ವಿದ್ಯೆಯುಂಟು, ಅದನ್ನು ಕಲಿಯಬಹುದು ಎಂಬುದು ಮೊದಲಿನಿಂದಲೂ ಒಪ್ಪಿತವೇ. ಆದರೆ ಆ ಕೌಶಲವು ಯಾರನ್ನೂ ದೋಷಮುಕ್ತಗೊಳಿಸಲಿಲ್ಲ. ಸಭಾಪರ್ವದಲ್ಲಿ ಬಲ್ಲವನೇ ಅಪರಾಧಿ, ಅರಿಯದವನು ಅವಿವೇಕಿ.

ಕೌಶಲವೇ ದೋಷಪರಿಹಾರ ಎಂಬ ವಿಚಾರ ಈ ಭಾಗಕ್ಕೆ ಬಂದದ್ದು ಮುಂಬಯಿ ಸರಕಾರದ 1887ರ ಜೂಜು ಪ್ರತಿಬಂಧಕ ಕಾಯದೆಯೊಂದಿಗೆ. ಕೇವಲ ಕೌಶಲದ ಆಟಗಳಿಗೆ ಈ ಕಾಯದೆ ಅನ್ವಯಿಸದು ಎಂಬ ಇಂಗ್ಲಿಷ್ ಶಾಸನಮೂಲದ ವಿನಾಯಿತಿ ಅದರಲ್ಲಿತ್ತು. 1824ರ ಯುದ್ಧದ ನಂತರ ಬ್ರಿಟಿಷರ ವಶವಾದ ಕಿತ್ತೂರು, ರಾಣಿ ಚೆನ್ನಮ್ಮ ಸೆರೆಯಲ್ಲಿ ಕಡೆಯುಸಿರೆಳೆದ ಬೈಲಹೊಂಗಲ, ಸವದತ್ತಿ ಇವೆಲ್ಲ ಆ ಕಾಯದೆಯ ವ್ಯಾಪ್ತಿಯಲ್ಲಿದ್ದವು. ರಾಮದುರ್ಗ ಮಾತ್ರ 1948ರಲ್ಲಿ ವಿಲೀನವಾಗುವವರೆಗೆ ಸಂಸ್ಥಾನ. ಮುಂಬಯಿಯ ಕಾಯದೆ ಅಲ್ಲಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿದರೆ ಕಾನೂನು ಬದಲಾಗುವ ಸ್ಥಿತಿ ಈ ತಾಲ್ಲೂಕುಗಳಿಗೆ ಗೋವೆಯಿಂದ ಹೊಸದಾಗಿ ಬಂದದ್ದಲ್ಲ.

ಬೈಲಹೊಂಗಲದ ಹೆಸರು ಹತ್ತಿಯ ಪೇಟೆಯೊಂದಿಗೆ ಬೆಸೆದುಕೊಂಡಿದೆ. ಹತ್ತಿ ಮತ್ತು ಜೂಜಿನ ನಂಟು ಇಲ್ಲಿ ಒಂದು ಮಾತಿಗೆ ಅರ್ಹ. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬಂದ ಬೆಲೆ, ಯುದ್ಧ ಮುಗಿದೊಡನೆ ಮುಂಬಯಿಯ ಷೇರುಪೇಟೆ ಕುಸಿದ ರೀತಿ ಚರಿತ್ರೆಯ ಪಠ್ಯಗಳಲ್ಲಿವೆ. ಸ್ವಾತಂತ್ರ್ಯಾನಂತರ ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ದರದ ಅಂಕಿಗಳ ಮೇಲೆ ಜನ ಹಣ ಕಟ್ಟತೊಡಗಿದರು. 1960ರ ದಶಕದ ಆರಂಭದಲ್ಲಿ ಆ ದರಗಳು ನಿಂತಾಗ, ಅಂಕಿಗಳನ್ನು ಮಡಕೆಯಿಂದ ಎತ್ತುವ ಪದ್ಧತಿ ಬಂತು. ಮಡಕೆಯ ಹೆಸರೇ ಆಟಕ್ಕೆ ಉಳಿದು ‘ಮಟಕಾ’ ಆಯಿತು. ಹತ್ತಿ ಹೋಯಿತು, ಅಂಕಿ ಉಳಿಯಿತು. ಬೆಳೆದವನಿಗೆ ಹತ್ತಿಯ ದರ ಬದುಕಿನ ಪ್ರಶ್ನೆ. ಕಟ್ಟಿದವನಿಗೆ ಅದು ಬರಿಯ ಸಂಖ್ಯೆ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಕೆಟ್ಟ ಜೂಜುಕೋರನಿಗೆ ದೊರೆಯುವ ಉಪದೇಶ ಹೊಲ ಉಳುವಂತೆ ಎಂಬುದನ್ನು ಇಲ್ಲಿ ನೆನೆಯಬಹುದು. ಮಲಪ್ರಭೆಯ ಕರಿಮಣ್ಣಿನಲ್ಲಿ ಉಳುವವನೇ ಮಳೆಯೊಂದಿಗೆ ಪ್ರತಿವರ್ಷ ಪಂಥ ಕಟ್ಟಬೇಕಾದವನು ಎಂಬುದು ಆ ಋಷಿಗೆ ತಿಳಿದಿರಲಿಲ್ಲವೆನ್ನಲಾಗದು.

ಕೌಶಲದ ವಾದ ಸ್ವತಂತ್ರ ಭಾರತದ ನ್ಯಾಯಾಲಯಗಳಲ್ಲಿ ಬೆಳೆಯಿತು. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತು. 1963ರ ಕರ್ನಾಟಕ ಪೊಲೀಸ್ ಕಾಯದೆಯೂ ಕೌಶಲದ ಆಟಕ್ಕೆ ವಿನಾಯಿತಿ ಕೊಟ್ಟಿತು. ಅದರ ಆಧಾರದ ಮೇಲೆ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದಿತು. ಅದೇ ಪೋಕರ್ ಅನ್ನು 2017ರಲ್ಲಿ ಗುಜರಾತ ಉಚ್ಚ ನ್ಯಾಯಾಲಯ ಜೂಜೆಂದಿತು. ಒಂದೇ ಎಲೆಗಟ್ಟು ಧಾರವಾಡದಲ್ಲಿ ವಿದ್ಯೆ, ಅಹಮದಾಬಾದಿನಲ್ಲಿ ದೋಷ! 2021ರಲ್ಲಿ ಕರ್ನಾಟಕ ಶಾಸನಸಭೆಯು ಕೌಶಲದ ಆಟಕ್ಕೆ ಪಣವಿಟ್ಟರೂ ಅಪರಾಧವೆಂದು ತಿದ್ದುಪಡಿ ತಂದಿತು. 2022ರ ಫೆಬ್ರುವರಿ 14ರಂದು ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಗೊಳಿಸಿತು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕುರಿತ ಕೇಂದ್ರ ಅಧಿನಿಯಮದಲ್ಲಿ ಭಾಷೆಯೇ ಬದಲಾಯಿತು. ಹಣದ ಆಸೆಯಿಂದ ಹಣ ಒಡ್ಡಿ ಆಡುವ ಆಟವು ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡರದೂ ಆಗಲಿ, ಅದು ನಿಷಿದ್ಧ. ಬಲ್ಲವನೋ ಅರಿಯದವನೋ ಎಂದು ಅದು ಕೇಳುವುದಿಲ್ಲ; ಪಣವಿತ್ತೇ ಎಂದಷ್ಟೇ ಕೇಳುತ್ತದೆ. ಹೀಗೆ, ನೂರಮೂವತ್ತೆಂಟು ವರ್ಷಗಳ ನಂತರ, ಒಂದು ಶಾಸನವು ಇಂಗ್ಲಿಷ್ ವಿನಾಯಿತಿಯನ್ನು ಬದಿಗಿಟ್ಟು, ತನಗೆ ಅರಿವಿಲ್ಲದೆಯೇ, ಶ್ರಾವಕಾಚಾರದ ಮಾನದಂಡದ ಹತ್ತಿರ ಬಂದಿತು. ಹತ್ತಿರ ಮಾತ್ರ: ಆಶಾಧರನಿಗೆ ಮುಖ್ಯವಾದದ್ದು ಪಣದಿಂದ ಹುಟ್ಟುವ ಕಷಾಯ, ಶಾಸನಕ್ಕೆ ಮುಖ್ಯವಾದದ್ದು ಪಣದಿಂದ ಹೋಗುವ ಹಣ. ಅಧಿನಿಯಮದ ವ್ಯಾಪ್ತಿ ಮೊಬೈಲಿನ ಪರದೆಯವರೆಗೆ. ಎದುರುಬದುರು ಕುಳಿತು ಆಡುವ ಮೇಜನ್ನು ಅದು ಮುಟ್ಟುವುದಿಲ್ಲ.

ಆ ಮೇಜು ನಿಂತಿರುವುದು 1976ರ ಗೋವೆಯ ಜೂಜು ಕಾಯದೆಯ ಮೇಲೆ. ನಿಷೇಧಕ್ಕೆಂದು ಬಂದ ಆ ಕಾಯದೆಗೆ 1992ರಲ್ಲಿ ಪಂಚತಾರಾ ಹೋಟೆಲುಗಳ ಯಂತ್ರಗಳಿಗಾಗಿಯೂ, 1996ರಲ್ಲಿ ಹಡಗುಗಳ ಮೇಜುಗಳಿಗಾಗಿಯೂ ಬಾಗಿಲು ಕೊರೆಯಲಾಯಿತು. ಯಾಜ್ಞವಲ್ಕ್ಯನ ಸಭಿಕನಂತೆ ಹಡಗಿನ ಒಡೆಯನು ಸರಕಾರಕ್ಕೆ ಒಪ್ಪಿದ ಪಾಲು ಕೊಡುತ್ತಾನೆ, ಸರಕಾರ ಅವನಿಗೆ ರಕ್ಷಣೆ ಕೊಡುತ್ತದೆ. ಸ್ಮೃತಿಯ ಸಭಿಕನ ಇನ್ನೊಂದು ಮುಖವನ್ನು ಬಲ್ಲವರು ‘ಮೃಚ್ಛಕಟಿಕ’ವನ್ನು ಓದಿದವರು. ಹತ್ತು ಸುವರ್ಣ ಸೋತು ಓಡಿಹೋದ ಸಂವಾಹಕನನ್ನು ಸಭಿಕ ಮಾಥುರ ಬೀದಿಬೀದಿಯಲ್ಲಿ ಅಟ್ಟಿಸಿಕೊಂಡು ಬರುತ್ತಾನೆ. ವಸಂತಸೇನೆಯ ಬಳೆಯಿಂದ ಸಾಲ ತೀರಿದ ಮೇಲೆ ಸಂವಾಹಕ ಭಿಕ್ಷುವಾಗುತ್ತಾನೆ. ಘಟ್ಟ ಹತ್ತಿ ಮರಳುವವನ ಸಾಲವನ್ನು ಹಡಗಿನವರು ಬೆನ್ನಟ್ಟುವುದಿಲ್ಲ, ಏಕೆಂದರೆ ಅಲ್ಲಿ ಮೊದಲು ಹಣ ಕೊಟ್ಟು ಚಿಪ್ಸ್ ಪಡೆದೇ ಆಡಬೇಕು. ಸಾಲ ಇದ್ದರೆ ಅದು ಹುಟ್ಟುವುದು ಊರಿನಲ್ಲಿಯೇ, ತೀರಬೇಕಾದದ್ದೂ ಊರಿನ ಹೊಲದಿಂದಲೇ. ಸವದತ್ತಿಯಲ್ಲಿ 980ರ ಶಾಸನವೊಂದಿದೆ. ರಟ್ಟರ ಶಾಂತಿವರ್ಮನು ಸುಗಂಧವರ್ತಿಯಲ್ಲಿ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿ ಬಿಟ್ಟದ್ದನ್ನು ಅದು ಹೇಳುತ್ತದೆ. ಕೊಟ್ಟ ಭೂಮಿಗೆ ಈ ಸೀಮೆಯಲ್ಲಿ ಇಂಥ ಕಲ್ಲುಗಳು ಬಹಳ ಸಿಗುತ್ತವೆ; ಒಡ್ಡಿ ಕಳೆದ ಭೂಮಿಗೆ ಯಾರೂ ಕಲ್ಲು ನಿಲ್ಲಿಸಿಲ್ಲ.

ಹಡಗಿನ ವಿಷಯದಲ್ಲಿ ಇನ್ನೊಂದು ಸಂಗತಿ ಉಳಿದಿದೆ. 2020ರ ಫೆಬ್ರುವರಿ 1ರಿಂದ ಗೋವೆ ಸರಕಾರವು ತನ್ನದೇ ರಾಜ್ಯದ ನಿವಾಸಿಗಳಿಗೆ ಕ್ಯಾಸಿನೊಗಳಲ್ಲಿ ಆಡಲು ಪ್ರವೇಶವನ್ನು ನಿಷೇಧಿಸಿದೆ. ಅನುಮತಿ ಇರುವುದು ಹೊರಗಿನಿಂದ ಬರುವ ಪ್ರವಾಸಿಗಳಿಗೆ ಮಾತ್ರ. ಯಾಜ್ಞವಲ್ಕ್ಯನ ರಾಜನಾಗಲಿ, ಕೌಟಿಲ್ಯನ ದ್ಯೂತಾಧ್ಯಕ್ಷನಾಗಲಿ ಯೋಚಿಸಿರದ ವ್ಯವಸ್ಥೆಯಿದು. ಅವರು ತಮ್ಮ ಪ್ರಜೆಗಳ ಜೂಜಿನಿಂದ ಪಾಲು ಪಡೆದರು. ಇಲ್ಲಿ ತನ್ನ ಪ್ರಜೆಗಳಿಗೆ ಬೇಡವೆಂದದ್ದನ್ನು ನೆರೆಯ ನಾಡಿನವರಿಗೆ ತೆರೆದಿಟ್ಟು ಪಾಲು ಪಡೆಯಲಾಗುತ್ತಿದೆ. ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಬೈಲಹೊಂಗಲದ ವಿಳಾಸವಿದ್ದರೆ ಒಳಗೆ ಬಿಡುತ್ತಾರೆ.